ಎರಡು ವರ್ಷ ತಡವಾದ ವಾಷಿಂಗ್ಟನ್

ಅಶ್ವಿತಾಳ ತಂದೆ ಸುಬ್ರಾಯರಿಗೆ ಸ್ಟ್ರೋಕ್ ಆದದ್ದು 2020ರ ಏಪ್ರಿಲ್ ತಿಂಗಳ ಒಂದು ಮಂಗಳವಾರ, ಬೆಳಗಿನ ಚಹಾದ ಹೊತ್ತಿಗೆ. ಅದರ ಹಿಂದಿನ ಶುಕ್ರವಾರವಷ್ಟೇ ವಾಷಿಂಗ್ಟನ್ನಿನ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ನೂರಕ್ಕೆ ಹದಿನೈದು ಮಂದಿಯನ್ನೂ ತೆಗೆದುಕೊಳ್ಳದ ಜಾಗ ಅದು. ಸುದ್ದಿ ಕೇಳಿ ಸುಬ್ರಾಯರು ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ನ ತಮ್ಮ ಮನೆಯ ಊಟದ ಮೇಜಿನ ಮೇಲೆ ರಸ್ತೆ ನಕ್ಷೆ ಹರಡಿ ಕೂತಿದ್ದರು. ಅವರು ಸೇತುವೆಗಳನ್ನು ಪರೀಕ್ಷಿಸುವ ಎಂಜಿನಿಯರ್. ಫೋನಿನ ನಕ್ಷೆಯನ್ನು ಅವರು ಯಾವತ್ತೂ ನಂಬಿದವರಲ್ಲ.

"ವಿಮಾನ ಎಲ್ಲ ಬೇಡ. ನಾನೇ ಡ್ರೈವ್ ಮಾಡಿ ಬಿಟ್ಟು ಬರ್ತೇನೆ. ಎರಡು ಕೆರೊಲಿನಾನೂ ದಾಟಿ ಹೋಗುವ. ದಾರಿಯಲ್ಲಿ ನಿಂಗೆ ಒಳ್ಳೊಳ್ಳೆ ಬ್ರಿಜ್ ತೋರಿಸ್ತೇನೆ" ಅಂದಿದ್ದರು.

"ಅಪ್ಪಾ, ನೋಬಡಿ ವಾಂಟ್ಸ್ ಟು ಸೀ ಬ್ರಿಜಸ್" ಎಂದು ಅವಳು ನಕ್ಕಿದ್ದಳು.

ಮಂಗಳವಾರ ಆ್ಯಂಬುಲೆನ್ಸ್ ಬಂತು. ಕೊರೊನಾ ಕಾಲವಾದ್ದರಿಂದ ಮನೆಯವರನ್ನು ಆಸ್ಪತ್ರೆಯ ಒಳಗೆ ಬಿಡಲಿಲ್ಲ. ತಾಯಿ ಬೇಬಿ ಬೇರೊಂದು ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದವಳು. ಆದರೂ ತನ್ನ ಗಂಡನ ಮಂಚದ ಹತ್ತಿರ ಹೋಗಲು ಅವಳಿಗೆ ದಾರಿಯಿರಲಿಲ್ಲ. ಮಾರನೆಯ ದಿನ ನರ್ಸ್ ಒಬ್ಬಳು ಫೋನ್ ಮಾಡಿ, ಇವರಿಗೆ ಇಂಗ್ಲಿಷ್ ಅರ್ಥವಾಗುತ್ತಿರುವಂತೆ ಕಾಣುವುದಿಲ್ಲ, ನಿಮ್ಮ ಭಾಷೆಯಲ್ಲಿ ಯಾರಾದರೂ ಮಾತಾಡುತ್ತೀರಾ ಎಂದು ಕೇಳಿದಳು. ಬೇಬಿ ಮಾತಾಡಲು ಹೋಗಿ ಬಿಕ್ಕಳಿಸಿ, ಫೋನನ್ನು ಮಗಳ ಕೈಗೆ ತುರುಕಿದಳು.

ಅಶ್ವಿತಾಳ ಕನ್ನಡ ಅಡುಗೆಮನೆಯ ಕನ್ನಡ. ಊಟ, ಸ್ನಾನ, ಬೇಡ, ಸಾಕು. ಅಷ್ಟರಲ್ಲೇ ಅವಳು ಶುರುಮಾಡಿದಳು.

"ಅಪ್ಪಾ, ನಾನು ಅಶ್ವಿತಾ. ಕೈ ಮೇಲೆ ಮಾಡು. ಬಲಗೈ."

ಎಡಗೈ ಎತ್ತಿದರು ಎಂದಳು ನರ್ಸ್. ನಂತರ ತಲೆ ಸುತ್ತುತ್ತಿದೆಯೇ ಕೇಳಿ ಎಂದಳು. ತಲೆ ಸುತ್ತುವುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು ತಾಯಿಯನ್ನು ಕೇಳಿ, ಆ ಪದವನ್ನು ಹಾಗೆಯೇ ದಾಟಿಸಿದಳು. ಆಚೆಯಿಂದ ತುಂಬಾ ಹೊತ್ತು ಉಸಿರಿನ ಸದ್ದು ಮಾತ್ರ ಬಂತು. ಆಮೇಲೆ ಸುಬ್ರಾಯರು ತಮ್ಮ ಕುಂದಾಪುರದ ಕಡೆಯ ಮಾತಿನಲ್ಲಿ, ನಾಲಿಗೆ ತೊಡರಿಸುತ್ತ, "ಹೆಣೆ... ನೀರ್" ಅಂದರು. ಹುಡುಗೀ, ನೀರು ಎಂದು.

ಮೂವತ್ತು ವರ್ಷದ ಇಂಗ್ಲಿಷ್ ಅವರ ಬಾಯಿಂದ ಹೊರಟುಹೋಗಿತ್ತು. ಉಳಿದದ್ದು ಹುಟ್ಟೂರಿನ ಒಂದು ಹಿಡಿ ಪದ, ಅವೂ ಸಮಯಕ್ಕೆ ಸಿಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಅಶ್ವಿತಾ ವಾಷಿಂಗ್ಟನ್ನಿಗೆ ಬರೆದು ಸೀಟು ಬೇಡ ಎಂದಳು. ಯಾರೂ ಅವಳಿಗೆ ಹಾಗೆ ಮಾಡು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬೇಬಿ ದಿನವೂ ಕೆಲಸಕ್ಕೆ ಹೋಗಲೇಬೇಕಿತ್ತು. ಆ ದಿನಗಳಲ್ಲಿ ಲ್ಯಾಬಿನಲ್ಲಿ ಕೂರಲೂ ಪುರುಸೊತ್ತಿರಲಿಲ್ಲ. ಸುಬ್ರಾಯರ ಜೊತೆ ಮನೆಯಲ್ಲಿ ಒಬ್ಬರು ಬೇಕಿತ್ತು, ಕನ್ನಡ ಬರುವವರು. ಆಗಸ್ಟಿನಲ್ಲಿ ಅವಳು ಮನೆಯಿಂದ ಹದಿನೈದು ನಿಮಿಷದ ದೂರದ, ಕೇಳಿದವರಿಗೆಲ್ಲ ಸೀಟು ಸಿಗುವ ಕಮ್ಯುನಿಟಿ ಕಾಲೇಜಿಗೆ ಸೇರಿದಳು. ಮೊದಲ ವರ್ಷ ಆ ಹದಿನೈದು ನಿಮಿಷವೂ ಬೇಕಾಗಲಿಲ್ಲ. ತರಗತಿಗಳೆಲ್ಲ ಲ್ಯಾಪ್‌ಟಾಪಿನಲ್ಲೇ ನಡೆದವು. ಕ್ಯಾಮೆರಾ ಆಫ್ ಮಾಡಿ, ಒಂದು ಕಿವಿಗೆ ಅರ್ಥಶಾಸ್ತ್ರದ ಪಾಠ ಹಾಕಿಕೊಂಡು, ಅವಳು ತಂದೆಗೆ ಗಂಜಿ ತಿನ್ನಿಸುತ್ತಿದ್ದಳು.

ಅವಳ ಹೈಸ್ಕೂಲ್ ಗೆಳತಿ ಮಧುರಾಳಿಗೂ ಅದೇ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಮಧುರಾ ಹೋದಳು. ಮುಂದಿನ ವಸಂತದಲ್ಲಿ ಅಲ್ಲಿಂದ ಫೋಟೊಗಳು ಬರತೊಡಗಿದವು. ಮಾಸ್ಕ್ ಹಾಕಿಕೊಂಡ ಮಧುರಾ ಚೆರ್ರಿ ಹೂವಿನ ಕೆಳಗೆ, ಮೆಟ್ರೊದ ಉದ್ದನೆಯ ಎಸ್ಕಲೇಟರ್ ಮೇಲೆ, ಯಾವುದೋ ದೇಶದ ರಾಯಭಾರ ಕಚೇರಿಯ ಗೇಟಿನೆದುರು. ಅಶ್ವಿತಾ ಪ್ರತಿಯೊಂದಕ್ಕೂ ಹಾರ್ಟ್ ಒತ್ತುತ್ತಿದ್ದಳು. ತಂದೆ ಮಧ್ಯಾಹ್ನ ಮಲಗಿದಾಗ ಕಂಪ್ಯೂಟರಿನಲ್ಲಿ ವಾಷಿಂಗ್ಟನ್ನಿನ ರಸ್ತೆಗಳ ಚಿತ್ರ ತೆರೆದು, ಬಾಣದ ಗುರುತು ಒತ್ತಿಕೊಂಡು, ಮೆಟ್ರೊ ನಿಲ್ದಾಣದಿಂದ ಕ್ಯಾಂಪಸ್ಸಿನವರೆಗೆ ನಡೆಯುತ್ತಿದ್ದಳು. ಯಾವ ಮೂಲೆಯಲ್ಲಿ ಕಾಫಿ ಅಂಗಡಿ, ಎಲ್ಲಿ ರಸ್ತೆ ಏರುತ್ತದೆ, ಎಲ್ಲ ಬಾಯಿಪಾಠವಾಗಿತ್ತು. ಅಲ್ಲಿ ಓದಬೇಕೆಂದಿದ್ದ ಅಂತರರಾಷ್ಟ್ರೀಯ ರಾಜಕೀಯದ ಮೇಲಿನ ಆಸೆ ನಿಧಾನವಾಗಿ ಮಂಕಾಯಿತು. ಊರಿನ ಮೇಲಿನ ಆಸೆ ಮಾತ್ರ ದಿನದಿಂದ ದಿನಕ್ಕೆ ಹೆಚ್ಚುತ್ತ ಹೋಯಿತು. ಹೀಗೇಕೆಂದು ಅವಳಿಗೇ ತಿಳಿಯಲಿಲ್ಲ.

ಒಂದು ವರ್ಷದ ಅಂಕಗಳನ್ನು ಹಿಡಿದು ಅವಳು ಅದೇ ವಿಶ್ವವಿದ್ಯಾಲಯದ ಎರಡನೆಯ ವರ್ಷಕ್ಕೆ ಸೇರಲು ಟ್ರಾನ್ಸ್‌ಫರ್‌ಗೆ ಅರ್ಜಿ ಹಾಕಿದಳು. ಹೊಸಬರಿಗಿಂತ ಟ್ರಾನ್ಸ್‌ಫರ್ ಆಗಿ ಬರುವವರಿಗೆ ಅಲ್ಲಿ ಜಾಗ ಇನ್ನೂ ಕಡಿಮೆ. ಜೂನ್ ತಿಂಗಳಲ್ಲಿ ಇಲ್ಲವೆಂದು ಉತ್ತರ ಬಂತು. ಒಮ್ಮೆ ಕರೆದಿದ್ದವರೇ ಈಗ ಬೇಡವೆಂದರು. ಅವಳು ಲ್ಯಾಪ್‌ಟಾಪ್ ಮುಚ್ಚಿ, ತಂದೆಯ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುವ ವ್ಯಾಯಾಮಕ್ಕೆ ಕೂತಳು.

"ಎಂತ?" ಅಂದರು ಸುಬ್ರಾಯರು, ಅವಳ ಮುಖ ನೋಡುತ್ತ.

"ಎಂತ ಇಲ್ಲ ಅಪ್ಪಾ."

ಎರಡನೆಯ ವರ್ಷ ಕಾಲೇಜು ಬಾಗಿಲು ತೆರೆಯಿತು. ವಾರಕ್ಕೆ ಮೂರು ಬೆಳಗು ಅವಳು ಹೊರಗೆ ಹೋಗತೊಡಗಿದಳು. ಆ ಹೊತ್ತಿನಲ್ಲಿ ಬೇಬಿ ಮನೆಯಲ್ಲಿರುವಂತೆ ಪಾಳಿ ಬದಲಿಸಿಕೊಂಡಳು. ಅಲ್ಲಿ ಭೂಗೋಳ ಕಲಿಸುತ್ತಿದ್ದವರು ಡಾಕ್ಟರ್ ಟಿಡ್‌ವೆಲ್ ಎಂಬ ಅರವತ್ತು ದಾಟಿದ ಹೆಂಗಸು. ಹಿಂದೆ ಸೈನ್ಯಕ್ಕೆ ನಕ್ಷೆ ಮಾಡುತ್ತಿದ್ದವರು. ಗಟ್ಟಿ ಗಂಟಲು, ಮೆದು ಜಾರ್ಜಿಯಾ ಉಚ್ಚಾರ. ಅಶ್ವಿತಾ ಮತ್ತೆ ಅರ್ಜಿ ಹಾಕಲಿದ್ದಾಳೆಂದು ತಿಳಿದಾಗ, ಕಳೆದ ಸಲ ಅರ್ಜಿಯ ಜೊತೆ ಕಳಿಸಿದ ಪ್ರಬಂಧ ತಂದು ತೋರಿಸು ಎಂದರು. ತಂದೆಯ ಕಾಯಿಲೆ, ಕೈಬಿಟ್ಟ ಸೀಟು, ಗಂಜಿ, ವ್ಯಾಯಾಮ ಎಲ್ಲವೂ ಅದರಲ್ಲಿತ್ತು. ಡಾಕ್ಟರ್ ಟಿಡ್‌ವೆಲ್ ಎರಡು ಸಲ ಓದಿ ಕನ್ನಡಕ ತೆಗೆದರು.

"ಚೆನ್ನಾಗಿ ಬರೆದಿದ್ದೀಯ. ಆದರೆ ನಾನು ಆಯ್ಕೆ ಮಾಡುವವಳಾಗಿದ್ದರೆ ನಿನ್ನನ್ನು ತೆಗೆದುಕೊಳ್ಳುತ್ತಿರಲಿಲ್ಲ."

"ಯಾಕೆ?"

"ನಿನ್ನನ್ನು ನಿನ್ನ ತಂದೆಯಿಂದ ಕಿತ್ತುಕೊಳ್ಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಇದನ್ನು ಓದಿದವರಿಗೆ ಈ ಹುಡುಗಿ ಮನೆಯಲ್ಲೇ ಇರಲಿ ಅನ್ನಿಸುತ್ತದೆ. ನಿನಗೇನು ಬೇಕು ಅಂತ ಇದರಲ್ಲಿ ಎಲ್ಲಿ ಬರೆದಿದ್ದೀಯ? ನನಗೆ ಕಾಣಲಿಲ್ಲ."

ಬೇಕು ಎನ್ನುವುದನ್ನು ಅವಳು ಎರಡು ವರ್ಷದಿಂದ ಯಾರೆದುರೂ ಹೇಳಿರಲಿಲ್ಲ. ಕಾರಿಗೆ ಬಂದು, ಸ್ಟೇರಿಂಗ್ ಮೇಲೆ ಕಾಗದ ಇಟ್ಟುಕೊಂಡು, ಪೆನ್ನಿನಲ್ಲಿ ಬರೆದಳು. ನಾನು ಅಲ್ಲಿಗೆ ಬರಬೇಕು. ನನ್ನ ತಂದೆಗೆ ಊಟ ಕೊಡುವಾಗಲೂ ನನಗೆ ಅಲ್ಲಿಗೆ ಬರಬೇಕು ಅನ್ನಿಸುತ್ತಿರುತ್ತದೆ. ಅವರು ಒಂದು ಪದಕ್ಕಾಗಿ ಹತ್ತು ನಿಮಿಷ ಹುಡುಕುವಾಗ, ನಾನು ಅವರ ಪಕ್ಕದಲ್ಲೇ ಕೂತು ನಿಮ್ಮ ಗ್ರಂಥಾಲಯದ ಮೆಟ್ಟಿಲು ಹತ್ತುತ್ತಿರುತ್ತೇನೆ. ನನಗಿದರಿಂದ ನಾಚಿಕೆಯಾಗುತ್ತದೆ. ಆದರೂ ಬರಬೇಕು. ಆಮೇಲೆ ವಾಕ್ಯಗಳನ್ನು ತಿದ್ದಿದಳು, ವಿಷಯ ಸೇರಿಸಿದಳು. ಆದರೆ ಆ ಸಾಲುಗಳನ್ನು ತೆಗೆಯಲಿಲ್ಲ.

2022ರ ಮೇ ತಿಂಗಳ ನಡುವೆ ಉತ್ತರ ಬಂತು. ಈ ಸಲ ಸೀಟು ಸಿಕ್ಕಿತ್ತು, ವಿದ್ಯಾರ್ಥಿವೇತನವೂ ಸೇರಿ. ಅವಳು ಮಧುರಾಳಿಗೆ ಮಾತ್ರ ಮೆಸೇಜ್ ಮಾಡಿದಳು. ಮನೆಯಲ್ಲಿ ಹೇಳಲಿಲ್ಲ. ನಾಳೆ ಹೇಳೋಣ, ಅಪ್ಪನ ಡಾಕ್ಟರ್ ಭೇಟಿ ಮುಗಿಯಲಿ, ಅಮ್ಮನ ರಜೆ ಬರಲಿ ಎನ್ನುತ್ತ ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಕನ್ನಡ ಕೂಟದ ಪಿಕ್ನಿಕ್. ಕೆರೆಯ ಪಕ್ಕದ ಪಾರ್ಕಿನಲ್ಲಿ, ಬಿಸಿಬೇಳೆಬಾತಿನ ಸಾಲಿನಲ್ಲಿ, ಮಧುರಾಳ ತಾಯಿ ರಾಜಲಕ್ಷ್ಮಿ ಬೇಬಿಯನ್ನು ಅಪ್ಪಿಕೊಂಡರು.

"ಕಂಗ್ರಾಟ್ಸ್ ಬೇಬಿ! ಮಧು ಹೇಳಿದ್ಲು. ಕಮ್ಯುನಿಟಿ ಕಾಲೇಜಿಂದ ಅಲ್ಲಿಗೆ ಟ್ರಾನ್ಸ್‌ಫರ್ ಆಗೋದು ಅಂದ್ರೆ ತಮಾಷೆನಾ? ಒಂದು ಮಾತು ಹೇಳ್ಬಾರ್ದಾ ನೀವು?"

ಬೇಬಿ, "ಹೇಳ್ಬೇಕು ಅಂತಲೇ ಇದ್ದೆ" ಎಂದು ನಕ್ಕಳು. ತಟ್ಟೆ ಹಿಡಿದು ಗಂಡನ ಪಕ್ಕ ಹೋಗಿ ಕೂತಳು.

ಮನೆಗೆ ಬಂದು ಸುಬ್ರಾಯರು ಟೀವಿ ಎದುರು ಕೂತ ಮೇಲೆ, ಅಡುಗೆಮನೆಯಲ್ಲಿ ಅವಳು ಮಗಳ ಕಡೆ ತಿರುಗಿದಳು. "ನಂಗೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ಐ ವಾಸ್ ಗೋಯಿಂಗ್ ಟು. ಅಮ್ಮಾ, ನಾನು ಹೋಗುವುದಿಲ್ಲ. ಇಟ್ಸ್ ಫೈನ್. ಸುಮ್ಮನೆ ಅಪ್ಲೈ ಮಾಡಿದ್ದು."

"ಸುಮ್ಮನೆ ಎರಡು ಸಲ ಅಪ್ಲೈ ಮಾಡ್ತಾರಾ?"

"ಎರಡು ಸಲ ಅಂತ ನಿಂಗೆ ಹೇಗೆ ಗೊತ್ತು?"

"ಹೋದ ಜೂನಲ್ಲಿ ನಿನ್ನ ಮುಖ ನೋಡಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತು" ಎಂದಳು ಬೇಬಿ. ಒದ್ದೆ ಕೈಯನ್ನು ಸ್ಟೀಲ್ ಸಿಂಕಿನ ಅಂಚಿಗೆ ಊರಿ ನಿಂತಳು. "ಒಂದು ವಿಷಯ ಹೇಳ್ತೇನೆ. ಸಿಟ್ಟು ಮಾಡು ಬೇಕಾದ್ರೆ. ಹೋದ ವರ್ಷವೇ ಡಾಕ್ಟರ್ ಒಂದು ಡೇ ಸೆಂಟರ್ ಹೇಳಿದ್ರು. ಬೆಳಿಗ್ಗೆ ವ್ಯಾನ್ ಬರ್ತದೆ, ಸ್ಪೀಚ್ ಥೆರಪಿ ಉಂಟು, ಸಂಜೆ ತಂದು ಬಿಡ್ತಾರೆ. ಇನ್ಶೂರೆನ್ಸೂ ಕೊಡ್ತದೆ. ನಾನೇ ಬೇಡ ಅಂದೆ."

ಅಶ್ವಿತಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ವಾಟ್? ಯಾಕೆ?"

"ಅಲ್ಲಿ ಕನ್ನಡ ಯಾರಿಗೂ ಬರೂದಿಲ್ಲ ಅಂತ ನಂಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನೀನು ಹೋದ್ರೆ ಈ ಮನೆಯಲ್ಲಿ ಮಾತು ಇರೂದಿಲ್ಲ. ಸಂಜೆ ಬಂದು ಬಾಗಿಲು ತೆಗೆದ್ರೆ, ಅವರು ನನ್ನನ್ನೇ ನೋಡ್ತಾರೆ, ನಾನು ಅವರನ್ನು ನೋಡ್ತೇನೆ. ಮೊದಲು ಎಷ್ಟು ಮಾತಾಡ್ತಿದ್ರು ಮಾರಾಯ್ತಿ, ತಲೆ ತಿಂತಿದ್ರು. ನಂಗೆ ಹೆದರಿಕೆ ಆಯ್ತು. ನಿನ್ನನ್ನು ಇಟ್ಕೊಂಡದ್ದು ಅಪ್ಪ ಅಲ್ಲ, ನಾನು."

ಅಶ್ವಿತಾಳಿಗೆ ಸಿಟ್ಟು ಬಂತು. ಅದು ಎಷ್ಟು ಬಂತೆಂದರೆ, ಅವಳು ಹಿಂಬಾಗಿಲು ತೆರೆದು ಹೊರಗೆ ಹೋಗಿ, ನೆರೆಮನೆಯವರ ಬೇಲಿಯವರೆಗೂ ನಡೆದು, ಅಲ್ಲಿ ನಿಂತುಬಿಟ್ಟಳು. ಒಂದಿಡೀ ವರ್ಷ. ಅಷ್ಟು ದಿನ ಅವಳು ಮನೆಯಲ್ಲಿ ಇರಲೇಬೇಕಾಗಿರಲಿಲ್ಲ. ಆದರೆ ಆ ವರ್ಷವೇ ತಂದೆ ಮೊದಲ ಬಾರಿ ಗೋಡೆ ಹಿಡಿಯದೆ ನಡೆದಿದ್ದರು, ಆ ವರ್ಷವೇ ಒಂದು ದಿನ ಅವಳ ಹೆಸರು ಅವರಿಗೆ ಸಿಕ್ಕಿತ್ತು. ಆ ವರ್ಷವನ್ನು ಬೇಡವೆನ್ನುವುದು ಹೇಗೆ? ಒಳಗೆ ಬಂದಾಗ ತಾಯಿ ಅದೇ ಜಾಗದಲ್ಲಿ ನಿಂತಿದ್ದಳು. ನಲ್ಲಿಯೂ ಹಾಗೆಯೇ ಹರಿಯುತ್ತಿತ್ತು.

"ನಾನು ಹೋಗ್ತೇನೆ" ಎಂದಳು ಅಶ್ವಿತಾ.

"ಹೂಂ" ಎಂದು ಬೇಬಿ ನಲ್ಲಿ ನಿಲ್ಲಿಸಿದಳು. ಆ ವಾರವೇ ಡೇ ಸೆಂಟರಿಗೆ ಫೋನ್ ಮಾಡಿದಳು.

ಕಾರಿನಲ್ಲೇ ಹೋಗಬೇಕೆಂದು ಹಟ ಹಿಡಿದವರು ಸುಬ್ರಾಯರು. ಮಾತಿಲ್ಲದೆ ಹಟ ಹಿಡಿಯುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಅಶ್ವಿತಾ ವಿಮಾನದ ಟಿಕೆಟ್ ನೋಡುತ್ತಿದ್ದಾಗ ಅವರು ಕಪಾಟಿನಿಂದ ರಸ್ತೆ ನಕ್ಷೆ ತಂದು ಕೀಲಿಮಣೆಯ ಮೇಲೆ ಇಟ್ಟು ಕೂತರು. ತೊಂದರೆ ಎಂದರೆ ವಾಪಸು ಬರುವುದು. ಹೋಗುವಾಗ ಅಶ್ವಿತಾ ಓಡಿಸಬಹುದು, ಬರುವಾಗ ಬೇಬಿಯೇ ಓಡಿಸಬೇಕು. ಬೇಬಿ ಈ ದೇಶಕ್ಕೆ ಬಂದಾಗಿನಿಂದ ಕೆಲಸಕ್ಕೆ, ಅಂಗಡಿಗೆ, ದೇವಸ್ಥಾನಕ್ಕೆ ಒಳದಾರಿಗಳಲ್ಲೇ ಓಡಾಡಿದವಳು. ಇಂಟರ್‌ಸ್ಟೇಟ್ ಹೆದ್ದಾರಿಗೆ ಅವಳು ಒಮ್ಮೆಯೂ ಕಾರು ಇಳಿಸಿರಲಿಲ್ಲ.

ಆ ಬೇಸಿಗೆಯ ಭಾನುವಾರಗಳಲ್ಲಿ ಮೂವರೂ ಹೊರಡುತ್ತಿದ್ದರು. ಬೇಬಿ ಸ್ಟೇರಿಂಗ್ ಹಿಡಿದು, ಸುಬ್ರಾಯರು ಪಕ್ಕದಲ್ಲಿ, ಅಶ್ವಿತಾ ಹಿಂದೆ. ಮೊದಲ ವಾರ ಲಾರಿಯೊಂದು ಹಾರ್ನ್ ಹೊಡೆದಾಗ ಬೇಬಿ ಕೂಗಿಕೊಂಡಳು. "ನಂಗೆ ಆಗೂದಿಲ್ಲ. ಇಳಿಸಿ ನನ್ನನ್ನು." ಎಡಕ್ಕೆ ಸರಿಯಬೇಕಾದಾಗ ಸುಬ್ರಾಯರು ಎಡಗೈಯಿಂದ ಡ್ಯಾಶ್‌ಬೋರ್ಡ್ ಮೇಲೆ ಒಂದು ಸಲ ತಟ್ಟುತ್ತಿದ್ದರು, ಬಲಕ್ಕಾದರೆ ಎರಡು ಸಲ. ಮೂರನೆಯ ಭಾನುವಾರ ಅವರು ತಟ್ಟುವ ಮೊದಲೇ ಬೇಬಿ ಸರಿದಳು. ಆಗಸ್ಟಿನ ಹೊತ್ತಿಗೆ ದಕ್ಷಿಣ ಕೆರೊಲಿನಾದ ಗಡಿ ಮುಟ್ಟಿ ವಾಪಸು ತಂದಳು.

ಹೊರಟ ದಿನ ಬಿಸಿಲು ಜೋರಾಗಿತ್ತು. ಗ್ಯಾಫ್ನಿ ಊರಿನ ಹತ್ತಿರ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕ್ ಕಂಡಾಗ ಸುಬ್ರಾಯರು ಗೊಳ್ಳನೆ ನಕ್ಕರು. ಷಾರ್ಲೆಟ್ ಕಳೆದ ಮೇಲೆ ನದಿಯೊಂದನ್ನು ದಾಟುವಾಗ ಅವರು ಕಿಟಕಿಯ ಗಾಜಿಗೆ ಹಣೆ ತಾಗಿಸಿ, ಕೆಳಗಿನ ಕಂಬಗಳನ್ನು ಕಾಣುವಷ್ಟೂ ಕಂಡು, "ಹೊಸ್ತ್ ಮಾಡಿರ್" ಎಂದರು.

"ಹೊಸದಾ ಅಪ್ಪಾ? ಹಳೆಯದು ಹೇಗಿತ್ತು?"

ಅವರು ಉತ್ತರ ಹುಡುಕಿದರು. ಮೂರು ಎಕ್ಸಿಟ್ ಹಿಂದೆ ಹೋದವು. ಅವಳು ಕಾದಳು. ಕೊನೆಗೆ ಅವರು ತಲೆಯಾಡಿಸಿ ಬಿಟ್ಟುಬಿಟ್ಟರು. ಹಳೆಯ ಸೇತುವೆಯ ಬಗ್ಗೆ ಅವರ ಬಳಿ ಒಂದು ಗಂಟೆಯ ಮಾತಿತ್ತೆಂದು ಅವಳಿಗೆ ಗೊತ್ತು. ಎರಡು ವರ್ಷದ ಹಿಂದಾಗಿದ್ದರೆ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಈಗ ಆ ಒಂದು ಗಂಟೆ ಅವಳಿಗೆ ಬೇಕಿತ್ತು.

ಅಂದು ವರ್ಜೀನಿಯಾದ ಒಂದು ಮೋಟೆಲಿನಲ್ಲಿ ಉಳಿದು, ಮಾರನೆಯ ಬೆಳಿಗ್ಗೆ ವಾಷಿಂಗ್ಟನ್ ಸೇರಿದರು. ಟ್ರಾನ್ಸ್‌ಫರ್ ಆಗಿ ಬಂದವರಿಗೆ ಕ್ಯಾಂಪಸ್ಸಿನ ಅಂಚಿನಲ್ಲಿ ಒಂದು ಹಳೆಯ ಕಟ್ಟಡ. ಬೇಬಿ ಹಾಸಿಗೆಗೆ ಚಾದರ ಹಾಸುತ್ತಿದ್ದಾಗ, ಸುಬ್ರಾಯರು ಕೋಣೆಯ ಗೋಡೆಯನ್ನು ಎಡ ಅಂಗೈಯಿಂದ ಒತ್ತಿ ನೋಡಿದರು. ಕಿಟಕಿಯ ಚೌಕಟ್ಟು ಅಲುಗಿಸಿದರು. ಬಾಗಿಲಿನ ತಿರುಗಣೆಗೆ ಬಗ್ಗಿದರು. ಮಾಡಬೇಕಾದ ಪರೀಕ್ಷೆಯೆಲ್ಲ ಮುಗಿಸಿ, "ಗಟ್ಟಿ ಇತ್ತ್" ಎಂದು ತೀರ್ಪು ಕೊಟ್ಟರು.

ಕೆಳಗೆ ಕಾರಿನ ಹತ್ತಿರ ಬೇಬಿ ಕನ್ನಡಿಗಳನ್ನು ಮೂರು ಸಲ ಸರಿಮಾಡಿಕೊಂಡಳು. "ಊಟ ಸರಿ ಮಾಡು. ಫೋನ್ ಮಾಡ್ತಾ ಇರು. ದಿನಾ ಬೇಡ. ಅಲ್ಲ, ದಿನಾ ಮಾಡು" ಎಂದಳು. ಸುಬ್ರಾಯರು ಮಗಳ ತಲೆಯ ಮೇಲೆ ಕೈಯಿಟ್ಟು, ಏನೋ ಹೇಳಲು ಬಾಯಿ ತೆರೆದು, ಸಿಗದೆ, ಕಾರು ಹತ್ತಿದರು. ಬೇಬಿ ಇಂಡಿಕೇಟರ್ ಹಾಕಿ, ವಾಹನಗಳ ನಡುವೆ ಜಾಗ ಸಿಗುವವರೆಗೆ ಕಾದು, ಹೊರಟಳು. ಎರಡು ದಿನದ ಆ ಪ್ರಯಾಣದಲ್ಲಿ ಅವಳು ಪ್ರತಿ ನಿಲುಗಡೆಯಿಂದ ಒಂದೊಂದು ಮೆಸೇಜ್ ಕಳಿಸಿದಳು. ಕೊನೆಯದು ಮನೆಯ ಗ್ಯಾರೇಜ್ ಬಾಗಿಲಿನ ಫೋಟೊ.

ಅಶ್ವಿತಾಳ ವಾಷಿಂಗ್ಟನ್ ಶುರುವಾಯಿತು. ಕಂಪ್ಯೂಟರಿನಲ್ಲಿ ನಡೆದಿದ್ದ ರಸ್ತೆಗಳಲ್ಲಿ ಕಾಲಿನಿಂದ ನಡೆದಾಗ, ಏರು ಅವಳು ಅಂದುಕೊಂಡದ್ದಕ್ಕಿಂತ ಕಡಿದಾಗಿತ್ತು. ಕಾಫಿ ಅಂಗಡಿ ಮುಚ್ಚಿಹೋಗಿತ್ತು. ಮಧುರಾ ಆ ಸೆಮಿಸ್ಟರ್ ಓದಲು ಸ್ಪೇನ್‌ಗೆ ಹೋಗಿದ್ದಳು, ಈಗ ಅಲ್ಲಿಂದ ಫೋಟೊ ಕಳಿಸುತ್ತಿದ್ದಳು. ಉಳಿದವರೆಲ್ಲ ಎರಡು ವರ್ಷದಲ್ಲಿ ತಮ್ಮ ತಮ್ಮ ಗುಂಪು ಕಟ್ಟಿಕೊಂಡು ಆಗಿತ್ತು. ಅವರ ನಗೆಚಾಟಿಕೆಗಳಿಗೆ ಅವಳಿಗೆ ಗೊತ್ತಿಲ್ಲದ ಹಿಂದಿನ ಕಥೆಗಳಿರುತ್ತಿದ್ದವು. ಆದರೂ ಪಾಠಗಳು ಚೆನ್ನಾಗಿದ್ದವು. ಅವಳು ಅಂತರರಾಷ್ಟ್ರೀಯ ರಾಜಕೀಯ ಬಿಟ್ಟು ಭೂಗೋಳ ಆರಿಸಿಕೊಂಡಳು. ಡಾಕ್ಟರ್ ಟಿಡ್‌ವೆಲ್‌ಗೆ ಅದನ್ನು ಬರೆದು ತಿಳಿಸಿದಾಗ, ಒಂದೇ ಸಾಲಿನ ಉತ್ತರ ಬಂತು. ಇಷ್ಟು ತಡವೇಕೆ?

ಮಧ್ಯಾಹ್ನ ಮೂರಕ್ಕೆ ಮಾತ್ರ ಕಷ್ಟವಾಗುತ್ತಿತ್ತು. ಅವಳು ಮನೆಯಲ್ಲಿದ್ದಾಗ ಅದು ಸುಬ್ರಾಯರು ನಿದ್ದೆಯಿಂದೇಳುವ ಹೊತ್ತು, ಚಹಾ ಕೊಡುವ ಹೊತ್ತು. ಗ್ರಂಥಾಲಯದಲ್ಲಿ ಕೂತಿದ್ದವಳು ಮೂರಾಗುತ್ತಿದ್ದಂತೆ ಥಟ್ಟನೆ ಎದ್ದುನಿಲ್ಲುತ್ತಿದ್ದಳು. ಎದ್ದ ಮೇಲೆ ಹೋಗಲು ಜಾಗವಿರುತ್ತಿರಲಿಲ್ಲ. ಸ್ವಲ್ಪ ಹೊತ್ತು ಪುಸ್ತಕದ ಕಪಾಟುಗಳ ನಡುವೆ ಅಡ್ಡಾಡಿ ಮತ್ತೆ ಬಂದು ಕೂರುತ್ತಿದ್ದಳು. ವಿಡಿಯೊ ಕಾಲ್‌ನಲ್ಲಿ ತಂದೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಎದುರು ಮನುಷ್ಯರಿಲ್ಲದಿದ್ದರೆ ಅವರಿಗೆ ಇದ್ದ ಪದವೂ ಜಾರಿಹೋಗುತ್ತಿತ್ತು.

ಅಕ್ಟೋಬರಿನ ಒಂದು ಸಂಜೆ ಅವಳು ಮೆಟ್ರೊ ಪ್ಲಾಟ್‌ಫಾರಂ ಮೇಲೆ ನಿಂತಿದ್ದಾಗ ಬೇಬಿಯ ಫೋನ್ ಬಂತು. ದನಿಯಲ್ಲಿ ನಗು ತುಂಬಿತ್ತು.

"ಇವತ್ತು ಎಂತ ಆಯ್ತು ಗೊತ್ತುಂಟಾ? ಡೇ ಸೆಂಟರ್ ವ್ಯಾನ್ ಇಪ್ಪತ್ತು ನಿಮಿಷ ಲೇಟು. ಅಪ್ಪ ಗೇಟಲ್ಲಿ ನಿಂತು ಆ ಡ್ರೈವರ್‌ಗೆ ಜೋರು ಮಾಡಿದ್ರು."

"ಜೋರಾ? ಹೇಗೆ?"

"ಬೆರಳು ತೋರಿಸಿ, 'ನಾಳೆ ಬೇಗ ಬಾ' ಅಂದ್ರು. ಕನ್ನಡದಲ್ಲೇ. ಆ ಮನುಷ್ಯ ಪಾಪ, 'ಯೆಸ್ ಸರ್' ಅಂದ."

"ನಾಳೆ ಅಂದ್ರಾ? ಅಮ್ಮಾ, ಸರಿಯಾಗಿ ಹೇಳು. ನಾಳೆ ಅಂದ್ರಾ?"

"ಹೌದು ಮಾರಾಯ್ತಿ, ನಾನೇ ಕೇಳಿದೆ."

ನಿನ್ನೆ, ಇವತ್ತು, ನಾಳೆ. ಆ ಮೂರು ಪದಗಳಿಗಾಗಿ ಅವಳು ಕ್ಯಾಲೆಂಡರ್ ಹಿಡಿದು ಎಷ್ಟೋ ತಿಂಗಳು ತಂದೆಯ ಎದುರು ಕೂತಿದ್ದಳು. ಒಂದೂ ಬಂದಿರಲಿಲ್ಲ. ಈಗ ಬಂದಿದೆ, ಅದೂ ಭಾಷೆ ತಿಳಿಯದ ಒಬ್ಬ ಡ್ರೈವರಿನ ಮುಂದೆ, ಅವಳಿಂದ ಆರುನೂರು ಮೈಲಿ ಆಚೆ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಆ ಡ್ರೈವರಿನ ಮೇಲೆ ಹೊಟ್ಟೆಕಿಚ್ಚೂ ಆಯಿತು. ಕಂಬಕ್ಕೆ ಬೆನ್ನು ಕೊಟ್ಟು ಮುಖ ಒರೆಸಿಕೊಂಡಳು.

"ಅಪ್ಪನಿಗೆ ಫೋನ್ ಕೊಡು. ವಿಡಿಯೊ ಬೇಡ."

ಫೋನ್ ಕೈ ಬದಲಾದ ಸದ್ದು ಕೇಳಿಸಿತು. ಆಮೇಲೆ ತಂದೆಯ ಉಸಿರು. ಅವಳು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಯಾವ ಪದವನ್ನೂ ಎತ್ತಿಕೊಡಲಿಲ್ಲ. ರೈಲು ಬಂತು, ಬಾಗಿಲು ತೆರೆಯಿತು, ಜನ ಇಳಿದರು, ಹತ್ತಿದರು. ತಂದೆ ಪದ ಹುಡುಕುತ್ತಿದ್ದರು. ಅವಳಿಗೆ ಅದು ಕೇಳಿಸುತ್ತಿತ್ತು. ಏಳು ಗಂಟೆಗೆ ಅವಳಿಗೊಂದು ಸೆಮಿನಾರ್ ಇತ್ತು. ಅವಳು ಆ ರೈಲನ್ನು ಬಿಟ್ಟಳು, ಅದರ ಹಿಂದೆ ಬಂದದ್ದನ್ನೂ ಬಿಟ್ಟಳು.